ಆರು ಬಟನ್ನಿನ ಕಂಪಾಸ್: ಎಂಟು ದಿನದ ಡೌಲು

ಜೂನ್ ಬಂತೆಂದರೆ ಬೆಳಗಾವಿಯ ಖಡೇಬಜಾರ್, ಗಣಪತ್ ಗಲ್ಲಿಯ ಸ್ಟೇಷನರಿ ಅಂಗಡಿಗಳಲ್ಲಿ ರೇನ್‌ಕೋಟಿನ ಪಕ್ಕ ಬಟನ್ ಕಂಪಾಸ್ ಬಂದು ಕೂರುತ್ತದೆ. ಹೆಸರಿಗಷ್ಟೇ ಕಂಪಾಸ್, ಒಳಗೆ ಕೈವಾರವೂ ಇಲ್ಲ, ಕೋನಮಾಪಕವೂ ಇಲ್ಲ. ಒಂದನೇ ಇಯತ್ತೆಯಿಂದ ನಾಲ್ಕನೇ ಇಯತ್ತೆವರೆಗಿನ ಮಕ್ಕಳು ಪೆನ್ಸಿಲ್, ರಬ್ಬರ್ ಇಟ್ಟುಕೊಳ್ಳುವ ಪೆಟ್ಟಿಗೆ ಅದು. ಮುಚ್ಚಳಕ್ಕೆ ಅಯಸ್ಕಾಂತ, ಮೈಮೇಲೆ ಕಾರ್ಟೂನ್ ಚಿತ್ರ, ಬದಿಗೆ ನಾಲ್ಕರಿಂದ ಎಂಟು ಬಟನ್. ಒಂದನ್ನು ಒತ್ತಿದರೆ ಮೆಂಡರ್ ಹೊರಗೆ ಜಿಗಿಯುತ್ತದೆ, ಇನ್ನೊಂದಕ್ಕೆ ರಬ್ಬರಿನ ಖಾನೆ ಬರುತ್ತದೆ, ಮತ್ತೊಂದಕ್ಕೆ ಪೆನ್ಸಿಲ್ ಸಿಕ್ಕಿಸಿದ ಹಲಗೆ ಎದ್ದು ನಿಲ್ಲುತ್ತದೆ. ಕೆಲವಕ್ಕೆ ಭೂತಗನ್ನಡಿಯೂ ಉಂಟು. ಬೆಲೆ ಬಟನ್ ಎಣಿಸಿ ಏರುತ್ತದೆ. ಸಾಮಾನ್ಯವಾಗಿ 150ರಿಂದ 350 ರೂಪಾಯಿ. ತಗಡಿನ ಸಾದಾ ಪೆಟ್ಟಿಗೆ ಇದರ ಕಾಲು ಭಾಗಕ್ಕೇ ಸಿಗುತ್ತದೆ.

ಪೆಟ್ಟಿಗೆ ಎಷ್ಟು ದಿನ ಬಾಳುತ್ತದೆ ಎಂಬುದು ಅರ್ಧ ಪ್ರಶ್ನೆ. ಮಗು ಯಾವ ಆಸೆಗೆ ಅಂಗಡಿಯ ಮುಂದೆ ಕಾಲು ಕಿತ್ತಿಡದೆ ನಿಲ್ಲುತ್ತದೋ, ಆ ಆಸೆಯನ್ನು ಇದು ತೀರಿಸುತ್ತದೆಯೇ ಎಂಬುದು ಇನ್ನರ್ಧ. ಎರಡನ್ನೂ ನೋಡೋಣ.

ಮೊದಲು ಪೆಟ್ಟಿಗೆಯ ಮೈ. ಹೊರಗಿಂದ ಪ್ಲಾಸ್ಟಿಕ್ಕಿನಂತೆ ಕಂಡರೂ ಹೆಚ್ಚಿನವುಗಳ ಮುಚ್ಚಳ ರಟ್ಟಿನದು. ರಟ್ಟಿನ ಮೇಲೆ ತೆಳುವಾದ ಸ್ಪಂಜು, ಅದರ ಮೇಲೆ ಚಿತ್ರ ಅಚ್ಚಾದ ರೆಕ್ಸಿನ್‌ನಂಥ ಹಾಳೆ. ಅಂಚನ್ನು ಬಿಸಿಯಲ್ಲಿ ಒತ್ತಿ ಅಂಟಿಸಿರುತ್ತಾರೆ. ನಡುವಿನ ಚೌಕಟ್ಟು ಮತ್ತು ಖಾನೆಗಳಷ್ಟೇ ಪ್ಲಾಸ್ಟಿಕ್. ಬೆಳಗಾವಿಯ ಮಳೆಗೆ ಮೊದಲು ಸೋಲುವುದು ಈ ರಟ್ಟು. ಜುಲೈ ತಿಂಗಳ ಜಿಟಿಜಿಟಿಯಲ್ಲಿ ಪಾಟಿಚೀಲ ಒಮ್ಮೆ ತೊಯ್ದರೆ ಸಾಕು, ಅಂಚು ಬಿಟ್ಟ ಕಡೆಯಿಂದ ನೀರಿಳಿದು ರಟ್ಟು ಉಬ್ಬುತ್ತದೆ. ಉಬ್ಬಿದ ಮುಚ್ಚಳ ಅಯಸ್ಕಾಂತಕ್ಕೆ ಸರಿಯಾಗಿ ಕೂರುವುದಿಲ್ಲ. ಆಮೇಲೆ ಪೆಟ್ಟಿಗೆ ಚೀಲದೊಳಗೆ ತಾನೇ ಬಾಯಿ ಬಿಟ್ಟು ಪೆನ್ಸಿಲ್ಲೆಲ್ಲ ತಳ ಸೇರುತ್ತವೆ. ಮಳೆಗಾಲದಲ್ಲಿ ಇದನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಳಿಸಬೇಕು. ಸುತ್ತಿದರೆ ಚಿತ್ರ ಕಾಣುವುದಿಲ್ಲ ಎಂದು ಮಗು ಗೇಟು ದಾಟುತ್ತಿದ್ದಂತೆ ಆ ಚೀಲವನ್ನು ಬಿಚ್ಚಿ ಒಳಗೆ ತುರುಕುತ್ತದೆ. ಇದಕ್ಕೆ ಮದ್ದಿಲ್ಲ.

ಇನ್ನು ಬಟನ್. ಖಾನೆಯ ಹಿಂದೆ ಒಂದು ಸಣ್ಣ ಸ್ಪ್ರಿಂಗ್ ಅದುಮಿ ಕೂತಿರುತ್ತದೆ. ಒಂದೆರಡು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಲ್ಲು ಖಾನೆಯನ್ನು ತಡೆದು ಹಿಡಿದಿರುತ್ತದೆ. ಬಟನ್ ಒತ್ತಿದರೆ ಹಲ್ಲು ಬದಿಗೆ ಸರಿದು ಖಾನೆ ಟಕ್ಕನೆ ಹೊರಬರುತ್ತದೆ. ಮೊದಲು ಕೈಕೊಡುವುದು ಮೆಂಡರಿನ ಖಾನೆ, ಏಕೆಂದರೆ ಪೆನ್ಸಿಲ್ ಹೊಟ್ಟು ಮತ್ತು ಸೀಸದ ಪುಡಿ ನೇರವಾಗಿ ಹಲ್ಲಿನ ಸಂದಿಗೇ ಹೋಗಿ ಸೇರುತ್ತವೆ. ಆಗ ಖಾನೆ ಪೂರ್ತಿ ಒಳಗೆ ಹೋಗುವುದಿಲ್ಲ. ಮಗು ಹೆಬ್ಬೆಟ್ಟಿನಿಂದ ಜೋರಾಗಿ ತಳ್ಳುತ್ತದೆ, ಹಲ್ಲು ಮುರಿಯುತ್ತದೆ. ಹಲ್ಲು ಮುರಿದರೆ ಆ ಖಾನೆಯ ಕತೆ ಮುಗಿದಂತೆ, ಅಂಟು ಹಚ್ಚಿದರೂ ನಿಲ್ಲುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ವಾರಕ್ಕೊಮ್ಮೆ ಒಣದಾಗಿ ಉಜ್ಜಿದರೆ ಆಯುಷ್ಯ ಹೆಚ್ಚುತ್ತದೆ. ಎಣ್ಣೆ ಮಾತ್ರ ಬಿಡಬೇಡಿ. ಸೀಸದ ಪುಡಿ ಎಣ್ಣೆಗೆ ಕಲೆತು ಕಪ್ಪು ಮೇಣವಾಗುತ್ತದೆ, ಆಮೇಲೆ ಬರೆಯುವ ಪಟ್ಟಿಯ ತುಂಬ ಬೆರಳಚ್ಚು. ಪೆನ್ಸಿಲ್ ಹಲಗೆಯದು ಬೇರೆ ತಕರಾರು. ಹೊಸ ಪೆನ್ಸಿಲ್ ಸುಮಾರು ಹದಿನೇಳೂವರೆ ಸೆಂಟಿಮೀಟರ್ ಉದ್ದ. ಚಿಕ್ಕ ಅಳತೆಯ ಪೆಟ್ಟಿಗೆಗಳಲ್ಲಿ ಹಲಗೆ ಮಲಗುವಾಗ ಅದರ ಮೊನೆ ಗೋಡೆಗೆ ತಾಗುತ್ತದೆ. ದಿನಕ್ಕೆ ನಾಲ್ಕು ಸಲ ಮೊನೆ ಮುರಿದರೆ ತಪ್ಪು ಮಗುವಿನ ಕೈಯದಲ್ಲ, ಅಂಗಡಿಯಲ್ಲಿ ಅಳತೆ ನೋಡದವರದು.

ತೂಕದ ಮಾತೂ ಇದೆ. ಖಾಲಿ ಪೆಟ್ಟಿಗೆಯೇ ಸುಮಾರು 250ರಿಂದ 350 ಗ್ರಾಂ. ಕರ್ನಾಟಕ ಸರ್ಕಾರದ 2019ರ ಆದೇಶದಂತೆ ಒಂದು ಮತ್ತು ಎರಡನೇ ತರಗತಿಯ ಚೀಲ ಒಂದೂವರೆಯಿಂದ ಎರಡು ಕಿಲೋ ದಾಟಬಾರದು. ಅಂದರೆ ಪುಸ್ತಕ, ಡಬ್ಬಿ, ನೀರಿನ ಬಾಟಲಿ ಇಡುವ ಮೊದಲೇ ಆರನೇ ಒಂದು ಭಾಗದಷ್ಟನ್ನು ಈ ಪೆಟ್ಟಿಗೆ ತಿಂದಿರುತ್ತದೆ.

ಇಷ್ಟಾದರೂ ಪ್ರತಿ ಜೂನ್‌ನಲ್ಲಿ ಇದು ಖರ್ಚಾಗುತ್ತದೆ. ಕಾರಣ ಯೂನಿಫಾರ್ಮ್. ಅಂಗಿ ಒಂದೇ, ಚಡ್ಡಿ ಒಂದೇ, ಬೂಟು ಒಂದೇ, ಹುಡುಗಿಯರ ಜಡೆಯ ರಿಬ್ಬನ್ ಬಣ್ಣವೂ ಒಂದೇ. ಎಲ್ಲರನ್ನೂ ಸಮ ಮಾಡಿ ಕೂರಿಸಿದ ಮೇಲೆ ನಾನು ಬೇರೆ ಎಂದು ತೋರಿಸಲು ಮಗುವಿಗೆ ಉಳಿಯುವುದು ಡೆಸ್ಕಿನ ಮೇಲಿನ ಒಂದು ಗೇಣು ಜಾಗ. ದೊಡ್ಡವರು ಮದುವೆ ಮನೆಯಲ್ಲಿ ಮಾಡುವುದನ್ನೇ ಮಕ್ಕಳು ಆ ಗೇಣು ಜಾಗದಲ್ಲಿ ಮಾಡುತ್ತಾರೆ.

ತರಗತಿಯಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಅಕ್ಕೋರು ಹಲಗೆಯ ಮೇಲೆ ಬರೆಯುತ್ತಿದ್ದಾರೆ. ಮೂರನೇ ಬೆಂಚಿನಿಂದ ಟಕ್. ಪಕ್ಕದವನು ತಿರುಗಿದ. ಇನ್ನೊಂದು ಟಕ್. ಮುಂದಿನ ಬೆಂಚಿನ ಇಬ್ಬರು ತಿರುಗಿದರು. ಪೆನ್ಸಿಲ್ ಹಲಗೆ ಎದ್ದು ನಿಂತಾಗ ಹಿಂದಿನವರು ಕುತ್ತಿಗೆ ಚಾಚಿದರು. "ಯಾರದು ಸಪ್ಪಳ? ಒಳಗ ಇಡು ಅದನ್ನ" ಎಂದು ಅಕ್ಕೋರು ಅಂದಾಗ ಇಡೀ ವರ್ಗವೇ ನೋಡಿತು. ಬೈಗುಳವೂ ಮಗುವಿಗೆ ಕೂಲಿಯೇ. ಮೂವತ್ತು ಜೊತೆ ಕಣ್ಣು ಒಂದೇ ಸಲ ತನ್ನ ಮೇಲೆ ಬಿದ್ದಿದ್ದು ಅವನಿಗೆ ಲೆಕ್ಕ, ಯಾಕೆ ಬಿದ್ದವು ಎಂಬುದಲ್ಲ. ಸಪ್ಪಳ ಕೇಳಿದಾಗ ಏನೂ ಅನ್ನದೆ, ಪಾಠ ನಿಲ್ಲಿಸದೆ, ನಡೆಯುತ್ತಲೇ ಆ ಬೆಂಚಿನ ಹತ್ತಿರ ಹೋಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಮುಚ್ಚಿ ಮುಂದೆ ಹೋಗುವ ಶಿಕ್ಷಕಿಯರ ವರ್ಗದಲ್ಲಿ ಇದರ ಆಟ ಬೇಗ ತಣ್ಣಗಾಗುತ್ತದೆ. ಅವನು ಕೈಕಟ್ಟಿ ಕೂತಾಗಲೋ, ಪಕ್ಕದವನಿಗೆ ಪೆನ್ಸಿಲ್ ಕೊಟ್ಟಾಗಲೋ ಹೆಸರು ಹಿಡಿದು ಕರೆಯುವುದು ಇದರ ಎರಡನೇ ಭಾಗ. ಅದನ್ನು ಬಿಟ್ಟರೆ ಮೊದಲನೆಯದು ಫಲಿಸುವುದಿಲ್ಲ. ಆ ಮಗುವಿಗೆ ಕಣ್ಣುಗಳ ಹಸಿವು ಇದ್ದೇ ಇರುತ್ತದೆ, ಈ ಕಡೆ ಸಿಗದಿದ್ದರೆ ಬೇರೆ ಕಡೆ ಹುಡುಕುತ್ತದೆ.

ಗಮನ ಕೊಡುವುದನ್ನು ನಿಲ್ಲಿಸಿದ ಕೂಡಲೇ ಸಪ್ಪಳ ಮೊದಲು ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಮೂರನೇ ದಿನಕ್ಕೆ ಸೋಲುತ್ತಾರೆ. ಮನೆಯಲ್ಲೂ ಅಷ್ಟೇ. ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಮಗು ನೆಲಕ್ಕೆ ಬಿದ್ದು ಅತ್ತಾಗ "ಹೋಗ್ಲಿ ಕೊಡಿಸ್ರಿ, ಕಿರಿಕಿರಿ ಸಾಕು" ಎಂದು ಪೇಟೆಗೆ ಹೊರಟರೆ, ಮೆಲ್ಲಗೆ ಕೇಳಿದರೆ ಸಿಗುವುದಿಲ್ಲ, ಬಿದ್ದು ಹೊರಳಿದರೆ ಸಿಗುತ್ತದೆ ಎಂದು ಕಲಿಸಿದಂತಾಯಿತು. ಕೊಡಿಸುವುದಿದ್ದರೆ ಮೊದಲ ದಿನವೇ, ನಗುನಗುತ್ತ ಕೊಡಿಸಿ. ಕೊಡಿಸದಿದ್ದರೆ ಕೊನೆತನಕ ಕೊಡಿಸಬೇಡಿ. ನಡುವಿನ ದಾರಿ ಎಲ್ಲಕ್ಕಿಂತ ದುಬಾರಿ.

ಈಗ ಮುಖ್ಯ ಮಾತು. ಪೆಟ್ಟಿಗೆ ತರುವ ಡೌಲು ಎಷ್ಟು ದಿನ? ವರ್ಗದಲ್ಲಿ ಎರಡನೆಯದು ಬರುವವರೆಗೆ. ಆರು ಬಟನ್ನಿನದು ಬಂದ ವಾರದೊಳಗೆ "ನಂದ ನೋಡಲೇ, ಎಂಟ ಬಟನ್ ಐತಿ" ಎನ್ನುವವನು ಹುಟ್ಟಿಕೊಳ್ಳುತ್ತಾನೆ. ಅಲ್ಲಿಗೆ ಮೊದಲಿನವನ ರಾಜ್ಯಭಾರ ಮುಗಿಯಿತು. ಆ ಎಂಟು ದಿನದಲ್ಲಾದರೂ ಸಿಕ್ಕಿದ್ದೇನು? ಸುತ್ತ ಗುಂಪು ಕೂಡಿತು, "ನಾ ಒಮ್ಮೆ ಒತ್ತಲ್ಯಾ?" ಎಂದು ಕೇಳಿದರು, ಒತ್ತಿದರು, ಹೋದರು. ಬಿಡುವಿನ ಗಂಟೆ ಹೊಡೆದಾಗ ಲಗೋರಿಗೆ ತಂಡ ಕಟ್ಟುವವರು ಅವನ ಹೆಸರು ಕೂಗಿದರೇ? ನೋಡುವುದು ಬೇರೆ, ಕರೆಯುವುದು ಬೇರೆ. ಬಟನ್ ಕಂಪಾಸ್ ಮೊದಲನೆಯದನ್ನು ಚೆನ್ನಾಗಿ ತರುತ್ತದೆ, ಎರಡನೆಯದನ್ನು ತರುವುದೇ ಇಲ್ಲ. ನಮ್ಮಲ್ಲಿ ಇದಕ್ಕೊಂದು ಹಳೆಯ ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಪೆಟ್ಟಿಗೆಯ ಒಡೆಯ ಬಹಳ ಸಲ ಆ ಜಾಗದಲ್ಲೇ ನಿಂತಿರುತ್ತಾನೆ.

ಲೆಕ್ಕಕ್ಕೆ ಬರುವ ದಾರಿಗಳು ಬೇರೆ, ಅವು ಅಗ್ಗವೂ ಹೌದು. ಐದು ರೂಪಾಯಿಯ ರಬ್ಬರನ್ನೇ ನೋಡಿ. ಬೆಳಗಾವಿ ಕಡೆಯ ಮಕ್ಕಳು ಮರಾಠಿಯಿಂದ ಬಂದ ಖೋಡರಬ್ಬರ್ ಎಂಬ ಹೆಸರಿನಲ್ಲೂ ಕರೆಯುವ ಆ ಬಿಳಿ ತುಂಡು. ಅದನ್ನು ಸ್ಕೇಲಿನ ಅಂಚಿನಿಂದ ಒತ್ತಿ ನಾಲ್ಕು ಮಾಡುತ್ತಾರೆ. ಒಂದು ತುಂಡು ಪಕ್ಕದವಳಿಗೆ, ಒಂದು ಹಿಂದಿನವಳಿಗೆ. ಮೂರನೆಯದನ್ನು ಯಾರಿಗೆ ಕೊಡಬೇಕೆಂದು ಒಂದು ಪಿರಿಯಡ್ಡು ಪೂರ್ತಿ ಕೈಯಲ್ಲೇ ಹಿಡಿದು ಕೂರುವುದುಂಟು. ಆ ಹೊತ್ತಿನಲ್ಲಿ ತುಂಡು ಹಿಡಿದವಳೇ ವರ್ಗದ ದೊರೆಸಾನಿ. ಸಿಗದವಳು ಮರುದಿನ ಟೂ ಬಿಡುತ್ತಾಳೆ. ಇದರಲ್ಲಿ ಕ್ರೌರ್ಯವಿದೆ, ಇಲ್ಲವೆನ್ನಲಾಗದು. ಆದರೆ ಕೊಟ್ಟು ಬೆಳೆಯುವ ಪಾಠವೂ ಇದೆ. ಬಟನ್ ಪೆಟ್ಟಿಗೆಯನ್ನು ತುಂಡು ಮಾಡಿ ಹಂಚಲಾಗುವುದಿಲ್ಲ, ತೊಂದರೆ ಇರುವುದು ಅಲ್ಲೇ. ಅದು ಒಬ್ಬರ ಕೈಯಲ್ಲೇ ಉಳಿಯುವ ವಸ್ತು. "ಒತ್ತಬ್ಯಾಡ, ಮುರೀತೈತಿ" ಎಂದು ಮನೆಯಲ್ಲಿ ಹೇಳಿ ಕಳಿಸಿರುತ್ತಾರೆ ಬೇರೆ. ಹಾಗೆ ಹೇಳಿಸಿಕೊಂಡ ಮಗು ಕೇಳಿದವರಿಗೆಲ್ಲ ಇಲ್ಲ ಎನ್ನುತ್ತದೆ. ಮೂರು ದಿನದಲ್ಲಿ ಡೌಲು ಹೋಗಿ ಜಿಪುಣ ಎಂಬ ಹೆಸರು ಉಳಿಯುತ್ತದೆ. ಕೊಡಿಸಿದ ಮೇಲೆ ಮುರಿದರೆ ಮುರಿಯಲಿ ಎಂದು ಬಿಡಬೇಕು. ಅಷ್ಟು ಗುಂಡಿಗೆ ಇಲ್ಲದವರು ಇದನ್ನು ಕೊಳ್ಳಲೇಬಾರದು.

ಹುಟ್ಟುಹಬ್ಬದ ಚಾಕಲೇಟ್ ಇನ್ನೊಂದು. ಹೊಸ ಅಂಗಿ ತೊಟ್ಟ ಮಗುವಿಗಿಂತ, ಬೇರೆ ವರ್ಗಗಳಿಗೆ ಚಾಕಲೇಟ್ ಹಂಚಲು ಅದು ಜೊತೆಗೆ ಯಾರನ್ನು ಕರೆದುಕೊಂಡು ಹೋಗುತ್ತದೆ ಎಂಬುದರ ಮೇಲೆ ಎಲ್ಲರ ಕಣ್ಣು. ಆರಿಸಿಕೊಂಡವನು ಇಡೀ ದಿನ ಎದೆಯುಬ್ಬಿಸಿ ನಡೆಯುತ್ತಾನೆ. ವರ್ಷವಿಡೀ ಒಂದು ಸಲವೂ ಆರಿಸಲ್ಪಡದ ಎರಡು ಮೂರು ಮಕ್ಕಳು ಪ್ರತಿ ವರ್ಗದಲ್ಲೂ ಇರುತ್ತಾರೆ. ಹಾಜರಿ ನಂಬರಿನ ಪ್ರಕಾರ ಸರದಿ ಹಚ್ಚಿದರೆ ಖರ್ಚಿಲ್ಲದೆ ಇದು ಸರಿಹೋಗುತ್ತದೆ.

ಇಂಥ ಮಕ್ಕಳ ಬಗ್ಗೆ ಗಟ್ಟಿ ಅಧ್ಯಯನಗಳಿವೆ. ಅಮೆರಿಕದಲ್ಲಿ 1981ರಲ್ಲಿ ಪುಟಲ್ಲಾಜ್ ಮತ್ತು ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಎರಡನೇ, ಮೂರನೇ ತರಗತಿಯ ಮಕ್ಕಳು ನಡೆಯುತ್ತಿರುವ ಆಟಕ್ಕೆ ಹೇಗೆ ಸೇರಿಕೊಳ್ಳುತ್ತಾರೆ ಎಂದು ನೋಡಿದರು. ಗೆಳೆಯರು ಕಡಿಮೆ ಇದ್ದ ಮಕ್ಕಳು ಹೆಚ್ಚಾಗಿ ತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು, ಆಡುವವರ ಮಾತಿಗೆ ಅಲ್ಲ ಎನ್ನುತ್ತಿದ್ದರು. ನಮ್ಮ ಶಾಲೆಯ ಮೈದಾನಕ್ಕೆ ತಂದು ನೋಡಿದರೆ "ನನ್ನ ಕಡೆ ಎಂಟ ಬಟನ್ನಿಂದು ಐತಿ" ಎಂಬುದು ಇದೇ ಜಾತಿಯ ಮಾತು. ನಡೆಯುತ್ತಿರುವ ಆಟವನ್ನು ನಿಲ್ಲಿಸಿ ತನ್ನ ಕಡೆ ತಿರುಗಿಸುವ ಮಾತು. "ನಾನೂ ಆಡಾಕ ಬರ್ಲ್ಯಾ?" ಎಂದು ನೇರ ಕೇಳುವುದೂ ಅಷ್ಟೇನೂ ಜಾಣತನವಲ್ಲ, ಏಕೆಂದರೆ "ಇಲ್ಲ ಹೋಗ, ಮಂದಿ ತುಂಬ್ಯಾರ" ಎನ್ನಲು ಅದೇ ದಾರಿ ತೋರಿಸುತ್ತದೆ. ಇದಕ್ಕಿಂತ ಚೆನ್ನಾಗಿ ನಡೆಯುವ ಕ್ರಮವನ್ನು ಮನೆಯಲ್ಲೇ ಹೇಳಿಕೊಡಬಹುದು: ಆಟದ ಗೆರೆಯ ಹೊರಗೆ ಒಂದೆರಡು ನಿಮಿಷ ಸುಮ್ಮನೆ ನಿಂತು ಯಾರು ಏನು ಮಾಡುತ್ತಿದ್ದಾರೆ ನೋಡಬೇಕು. ಲಗೋರಿಯ ಚೆಂಡು ದೂರ ಹೋದಾಗ ಓಡಿ ತಂದುಕೊಡಬೇಕು. ಎರಡು ಮೂರು ಸಲ ತಂದ ಮೇಲೆ "ನೀ ಆ ಕಡೆ ನಿಲ್ಲಲೇ" ಎಂದು ಅವರೇ ಹೇಳುವ ಸಂಭವ ಹೆಚ್ಚು. ಹೇಳದಿದ್ದರೆ ಬೇರೆ ಗುಂಪು ನೋಡಬೇಕು, ಅಳುತ್ತ ಅಕ್ಕೋರ ಹತ್ತಿರ ಹೋಗಬಾರದು. ಮನೆಯಲ್ಲಿ ಅಣ್ಣ, ಅಕ್ಕನ ಜೊತೆ ಇದನ್ನು ಆಟದ ಹಾಗೆ ನಾಲ್ಕು ಸಲ ಮಾಡಿಸಿದರೆ ಬಾಯಿಂದ ಹೇಳಿದ್ದಕ್ಕಿಂತ ಚೆನ್ನಾಗಿ ನಾಟುತ್ತದೆ. ಬಗರಿ ಆಡಿಸುವುದು, ಕುಂಟಾಟ ಆಡುವುದು, ಕಾಗದದ ರಾಕೆಟ್ ಮಡಚುವುದು, ಹೀಗೆ ಕೈಗೆ ಹತ್ತಿದ ಒಂದು ವಿದ್ಯೆ ಇದ್ದರಂತೂ ಬೇಡಿಕೆ ತಾನೇ ಬರುತ್ತದೆ. ರಾಕೆಟ್ ಚೆನ್ನಾಗಿ ಮಡಚುವವನ ಮುಂದೆ ಹಳೆ ಪಟ್ಟಿಯ ಹಾಳೆ ಹಿಡಿದು ನಿಲ್ಲುವ ಸಾಲು ಬಟನ್ ಒತ್ತಲು ನಿಲ್ಲುವ ಸಾಲಿಗಿಂತ ಹೆಚ್ಚು ದಿನ ನಿಲ್ಲುತ್ತದೆ.

ಮಗು "ಎಲ್ಲಾರ ಕಡೆ ಐತಿ, ನನ್ನ ಕಡೆ ಅಷ್ಟ ಇಲ್ಲ" ಎಂದಾಗ ಬೈಯುವ ಮೊದಲು ಹೆಸರು ಕೇಳಿ. ಯಾರ ಯಾರ ಕಡೆ ಇದೆ? ನಲವತ್ತು ಮಕ್ಕಳ ವರ್ಗದಲ್ಲಿ ಬರುವುದು ಮೂರೋ ನಾಲ್ಕೋ ಹೆಸರು. ಮಗು ಸುಳ್ಳು ಹೇಳಲಿಲ್ಲ. ಅದರ ಲೆಕ್ಕದಲ್ಲಿ ಆ ನಾಲ್ವರೇ 'ಎಲ್ಲಾರು'. ಯಾರ ಗುಂಪಿಗೆ ಸೇರಬೇಕೆಂದು ಅದು ಹಂಬಲಿಸುತ್ತಿದೆ ಎಂಬುದು ಅಲ್ಲೇ ಸಿಕ್ಕಿತು. ಆ ನಾಲ್ವರಲ್ಲಿ ಒಬ್ಬನನ್ನು ರವಿವಾರ ಸಂಜೆ ಮನೆಗೆ ಕರೆಸಿ, ಚುರುಮುರಿ ಕೊಟ್ಟು ಎರಡು ತಾಸು ಆಡಲು ಬಿಟ್ಟರೆ 300 ರೂಪಾಯಿಯ ಪೆಟ್ಟಿಗೆ ಮಾಡದ ಕೆಲಸ ಆಗುತ್ತದೆ. ಒಬ್ಬನನ್ನೇ ಕರೆಯಿರಿ. ಇಬ್ಬರು ಬಂದರೆ ಅವರಿಬ್ಬರೂ ಸೇರಿ ನಿಮ್ಮ ಮಗುವನ್ನು ಅದರ ಮನೆಯಲ್ಲೇ ಹೊರಗೆ ನಿಲ್ಲಿಸುತ್ತಾರೆ.

ಅಪಾಯದ ಮಾತನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮುಚ್ಚಳದ ಅಂಚಿನಲ್ಲಿರುವ ಅಯಸ್ಕಾಂತದ ಚೂರು ರೆಕ್ಸಿನ್ ಹರಿದರೆ ಹೊರಬರುತ್ತದೆ. ಮಕ್ಕಳಿಗೆ ಅದು ಪೆಟ್ಟಿಗೆಗಿಂತ ಇಷ್ಟ. ಬಾಯಲ್ಲೂ ಇಟ್ಟುಕೊಳ್ಳುತ್ತಾರೆ. ಎರಡು ಚೂರು ನುಂಗಿದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಂಡು ತೂತು ಮಾಡಬಲ್ಲವು. ನುಂಗಿದ ಅನುಮಾನ ಬಂದರೂ ಆಸ್ಪತ್ರೆಗೆ ಹೋಗಬೇಕು, ಬಾಳೆಹಣ್ಣು ತಿನ್ನಿಸಿ ಕಾಯುವುದಲ್ಲ. ಮುಚ್ಚಳ ಹರಿದ ದಿನವೇ ಪೆಟ್ಟಿಗೆಯನ್ನು ಕಸಕ್ಕೆ ಹಾಕಿ. ದೀಪ ಮಿನುಗುವ ಬೂಟು, ಲೈಟಿರುವ ಪೆಟ್ಟಿಗೆಗಳಿಗೂ ಇಷ್ಟೇ ಎಚ್ಚರ ಬೇಕು. ಅವುಗಳಲ್ಲಿ ಬಿಲ್ಲೆಯಂಥ ಬಟನ್ ಸೆಲ್ ಇರುತ್ತದೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ತಾಸಿನಲ್ಲಿ ಸುಡಲು ಶುರುಮಾಡುತ್ತದೆ. ಹಿಮ್ಮಡಿ ಬಾಯಿ ಬಿಟ್ಟ ಮಿನುಗುವ ಬೂಟನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಬೆಳಗಾವಿ ಮಳೆಯಲ್ಲಿ ಅದರ ದೀಪ ಬಹಳ ದಿನ ಉರಿಯುವುದೂ ಇಲ್ಲ.

ಇಷ್ಟು ಕೇಳಿಯೂ ಕೊಳ್ಳುವುದಿದ್ದರೆ ಅಂಗಡಿಯಲ್ಲೇ ನೋಡಬೇಕಾದ್ದು: ಹೊಸ, ಚೂಪು ಮಾಡಿದ ಒಂದು ಪೆನ್ಸಿಲ್ ಜೊತೆಗೆ ಒಯ್ಯಿರಿ. ಹಲಗೆಗೆ ಸಿಕ್ಕಿಸಿ ಎರಡು ಸಲ ಎಬ್ಬಿಸಿ ಮಲಗಿಸಿದಾಗ ಮೊನೆ ಗೋಡೆಗೆ ತಾಗಬಾರದು. ಪ್ರತಿ ಬಟನ್ನನ್ನೂ ಹತ್ತು ಸಲ ಒತ್ತಿ. ಹತ್ತರಲ್ಲಿ ಒಂದು ಸಲ ಖಾನೆ ಅರ್ಧಕ್ಕೆ ನಿಂತರೂ ಬೇರೆ ಪೀಸ್ ಕೇಳಿ. ಪೆಟ್ಟಿಗೆಯನ್ನು ತಲೆಕೆಳಗು ಹಿಡಿದು ಅಲ್ಲಾಡಿಸಿ, ಮುಚ್ಚಳ ತೆರೆಯಬಾರದು. ಮುಚ್ಚಳದ ನಾಲ್ಕೂ ಮೂಲೆಗೆ ಉಗುರು ಹಾಕಿ ನೋಡಿ, ಹಾಳೆ ಏಳುತ್ತಿದ್ದರೆ ಮಳೆಗಾಲ ದಾಟುವುದಿಲ್ಲ. ನಾಲ್ಕು ಬಟನ್ ಸಾಕು. ಬಟನ್ ಹೆಚ್ಚಾದಷ್ಟೂ ಖಾನೆಯ ಗೋಡೆ ತೆಳ್ಳಗಾಗುತ್ತದೆ. "ಗ್ಯಾರಂಟಿ ಏನ ಇಲ್ರಿ ಇದಕ್ಕ" ಎಂದು ಅಂಗಡಿಯವರು ಮುಂಚೆಯೇ ಹೇಳುತ್ತಾರೆ, ಅವರ ಪ್ರಾಮಾಣಿಕತೆಗೆ ಒಂದು ಅಂಕ. ಮನೆಗೆ ತಂದ ಕೂಡಲೇ ತಳದಲ್ಲಿ ಮಾರ್ಕರ್ ಪೆನ್ನಿನಿಂದ ಹೆಸರು ಬರೆಯಿರಿ. ಒಂದೇ ಚಿತ್ರದ ಎರಡು ಪೆಟ್ಟಿಗೆ ಒಂದೇ ವರ್ಗದಲ್ಲಿದ್ದರೆ ಜಗಳ ಹೆಡ್‌ಮಾಸ್ತರರ ಕೋಣೆಯವರೆಗೂ ಹೋಗುತ್ತದೆ.

ಗಾಲಿ ಇರುವ, ಬಸ್ಸಿನ ಆಕಾರದ ತಗಡಿನ ಪೆಟ್ಟಿಗೆ ಇದಕ್ಕಿಂತ ವಾಸಿ. ತುಕ್ಕು ಹಿಡಿಯುತ್ತದೆ, ಗಾಲಿ ಕಳಚುತ್ತದೆ, ಸಪ್ಪಳ ಇನ್ನೂ ಜಾಸ್ತಿ. ಆದರೆ ಅದನ್ನು ಡೆಸ್ಕಿನ ಮೇಲೆ ಆ ಕಡೆಯಿಂದ ತಳ್ಳಲು ಒಬ್ಬ, ಈ ಕಡೆ ಹಿಡಿಯಲು ಇನ್ನೊಬ್ಬ ಬೇಕು. ಪರಿಮಳದ ಹಣ್ಣಿನ ರಬ್ಬರ್ ಬೇಡವೇ ಬೇಡ, ಅಳಿಸುವುದಿಲ್ಲ, ಹಾಳೆ ಹರಿಯುತ್ತದೆ, ಮಕ್ಕಳು ಕಚ್ಚುತ್ತಾರೆ.

ಅಂಕ ಕೊಡುವುದಾದರೆ ಬಟನ್ ಕಂಪಾಸಿಗೆ ಐದಕ್ಕೆ ಎರಡು, ಅದೂ ಮೂರನೇ ಇಯತ್ತೆ ಮತ್ತು ಅದರ ಮೇಲಿನ ಮಕ್ಕಳಿಗೆ. ಒಂದು, ಎರಡನೇ ಇಯತ್ತೆಗೆ ತಗಡಿನ ಸಾದಾ ಪೆಟ್ಟಿಗೆ, ಅದರೊಳಗೆ ತನಗೆ ಎರಡು ಪೆನ್ಸಿಲ್, ಕೇಳಿದವರಿಗೆ ಕೊಡಲು ಒಂದು ಹೆಚ್ಚಿನದು, ಮೊದಲೇ ನಾಲ್ಕು ತುಂಡು ಮಾಡಿದ ಒಂದು ರಬ್ಬರ್. ಹೆಚ್ಚಿನ ಪೆನ್ಸಿಲ್ ಸಂಜೆ ಮನೆಗೆ ವಾಪಸ್ ಬರಲಿಲ್ಲವೆಂದು ಮಗುವನ್ನು ವಿಚಾರಿಸಬೇಡಿ, ಬೆಳಿಗ್ಗೆ ಇನ್ನೊಂದು ಇಟ್ಟು ಕಳಿಸಿ.